ಚೀಟಿಯಲ್ಲಿ ಬೋರ್ ಇದೆ, ಚೌಕಟ್ಟಿಲ್ಲ

ಚುನಾವಣೆ ಘೋಷಣೆಯಾದ ವಾರ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಯಾವ ಠಾಣೆಗೆ ಹೋದರೂ ಜನ ತಂದೊಪ್ಪಿಸಿದ ಲೈಸೆನ್ಸಿನ ಬಂದೂಕುಗಳು ಸೌದೆಯ ಹಾಗೆ ಗೋಡೆಗೆ ಒರಗಿರುತ್ತವೆ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ: ಹೆಸರು, ಊರು, ಲೈಸೆನ್ಸ್ ನಂಬರು, ಕೊನೆಗೆ ‘ಡಿಬಿಬಿಎಲ್ 12 ಬೋರ್’. ಜೋಡಿ ನಳಿಗೆ, ಹಿಂದಿನಿಂದ ತೋಟಾ ತುಂಬುವಂಥದ್ದು ಎಂದು ಅರ್ಥ. ಮುಂದಿನಿಂದ ಮದ್ದು ಗಿಡಿಯುವ ಒಂಟಿ ನಳಿಗೆಯದಾದರೆ ‘ಎಸ್‌ಬಿಎಂಎಲ್’. ಸರ್ಕಾರದ ಮಟ್ಟಿಗೆ ಬಂದೂಕಿನ ಜಾತಕ ಇಷ್ಟೇ. ಆದರೆ ಅಲ್ಲಿರುವ ಎರಡು 12 ಬೋರ್‌ಗಳನ್ನು ಎತ್ತಿ ನೋಡಿ. ಒಂದು ಹೆಗಲಿಗೆ ಹಗುರ, ಇನ್ನೊಂದು ಹಾರೆ. ವ್ಯತ್ಯಾಸ ಚೀಟಿಯಲ್ಲಿಲ್ಲದ ಚೌಕಟ್ಟಿನದು.

ಬೋರ್ ಎನ್ನುವುದು ಹಳೇ ಕಾಲದ ತಕ್ಕಡಿಯ ಲೆಕ್ಕ. ಒಂದು ಪೌಂಡ್, ಅಂದರೆ 454 ಗ್ರಾಂ ಸೀಸದಲ್ಲಿ ಒಂದೇ ಸಮನಾದ 12 ಗುಂಡು ಎರೆದರೆ, ಅಂಥ ಒಂದು ಗುಂಡು ಹಿಡಿಸುವ ನಳಿಗೆ 12 ಬೋರ್. ಒಳವ್ಯಾಸ ಸುಮಾರು 18.5 ಮಿಲಿಮೀಟರ್. 16 ಬೋರ್ 16.8, 20 ಬೋರ್ 15.6. ರೇಷ್ಮೆಯಲ್ಲಿ ಡೀನಿಯರ್ ಏರಿದರೆ ಎಳೆ ದಪ್ಪ. ಶಿಡ್ಲಘಟ್ಟದ ರೀಲರುಗಳಿಗೆ ಅಂಕಿ ಏರಿದಷ್ಟೂ ಕಿರಿದಾಗುವ ಬೋರಿನ ಲೆಕ್ಕ ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಸೀಮೆಗೆ ಬಂದೂಕಿನ ಕಸುಬು ಹೊಸದಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಚಕಮಕಿ ಕಲ್ಲಿನ ಬಂದೂಕು ಮಾಡಿಸುತ್ತಿದ್ದ, ಅವುಗಳಲ್ಲಿ ಜೋಡಿ ನಳಿಗೆಯವೂ ಇದ್ದವು. ನಂದಿದುರ್ಗ 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯ ಪಾಲಾಯಿತು, 1799ರಲ್ಲಿ ಶ್ರೀರಂಗಪಟ್ಟಣವೇ ಬಿತ್ತು, ಬಂದೂಕುಗಳು ಹಡಗು ಹತ್ತಿದವು. 2019ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 60,000 ಪೌಂಡಿಗೆ ಹೋದ, ಬೆಳ್ಳಿ ಕಟ್ಟಿನ ಟಿಪ್ಪುವಿನ ಬಂದೂಕು 20 ಬೋರಿನದು. ಆ ಕಾಲದ ಬಂದೂಕಿಗೆ ಬೋರ್ ಇತ್ತು, ಚೌಕಟ್ಟು ಇರಲಿಲ್ಲ. ಬುಡ ಮುಚ್ಚಿದ ನಳಿಗೆ ನೇರವಾಗಿ ಮರದಲ್ಲಿ ಕೂತಿರುತ್ತಿತ್ತು.

ಬಂದೂಕನ್ನು ನಡುವೆ ಮಡಚಿ ಹಿಂದಿನಿಂದ ತುಂಬುವ ಉಪಾಯ ಬಂದ ಮೇಲೆಯೇ ಚೌಕಟ್ಟಿನ ಮಾತು. ಪ್ಯಾರಿಸ್ಸಿನ ಲಫೊಶೊ 1830ರ ದಶಕದಲ್ಲಿ ದಾರಿ ತೋರಿಸಿದ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಸುತ್ತಿಗೆಗಳನ್ನು ಒಳಗೇ ಅಡಗಿಸಿದ ಗಟ್ಟಿ ಪೆಟ್ಟಿಗೆಯೊಂದನ್ನು ಮಾಡಿದರು. ಇಂದಿನ ಜೋಡಿ ನಳಿಗೆಗಳು ಬಹುಪಾಲು ಅದರ ಸಂತಾನವೇ. ನಳಿಗೆಗಳು ತಿರುಗಣಿಯಂತೆ ಕೂರುವ, ತೋಟಾ ಸಿಡಿದಾಗ ಹಿಂದಕ್ಕೆ ಒದೆಯುವ ಬಲವನ್ನು ತಡೆದು ನಿಲ್ಲುವ ಈ ಉಕ್ಕಿನ ಒಡಲೇ ಚೌಕಟ್ಟು.

ಇಂಗ್ಲಿಷ್ ಕುಶಲಕರ್ಮಿಗಳು ಗಿರಾಕಿಯ ಮೈಕಟ್ಟು ನೋಡಿ ಒಂದೊಂದು ಬಂದೂಕನ್ನೂ ಅರ ಹಾಕಿ ಇಳಿಸುತ್ತಿದ್ದರು. ಚೌಕಟ್ಟಿಗೆ ನಂಬರು ಕೊಟ್ಟವರು ಅಮೆರಿಕದವರು. ಪಾರ್ಕರ್ ಕಂಪನಿಯಲ್ಲಿ ಸಾಮಾನ್ಯ 12 ಬೋರಿಗೆ 2ನೇ ನಂಬರು, ಭಾರಿ 10 ಬೋರಿಗೆ 3, 20 ಬೋರಿಗೆ 0, 28ಕ್ಕೆ ಎರಡು ಸೊನ್ನೆ. ಬೋರ್ ಅಂಕಿ ಏರಿದರೆ ಬಾಯಿ ಕಿರಿದು, ಚೌಕಟ್ಟಿನ ಅಂಕಿ ಏರಿದರೆ ಮೈ ದಪ್ಪ! ಅದೇ 12 ಬೋರನ್ನು ಸಣ್ಣ ಚೌಕಟ್ಟಿನ ಮೇಲೂ ಕೂರಿಸುತ್ತಿದ್ದರು. ಫಾಕ್ಸ್ ಕಂಪನಿ 16ಕ್ಕೂ 20ಕ್ಕೂ ಒಂದೇ ಚೌಕಟ್ಟು ಬಳಸಿದ್ದರಿಂದ ಅದರ 16 ಬೋರ್ ಹಕ್ಕಿಯಷ್ಟು ಹಗುರ. ಹಗುರವಾದರೆ ಒಳ್ಳೆಯದೇ ಅಲ್ಲವೇ ಎಂದರೆ, ನಡೆಯುವಾಗ ಹೌದು, ಹೊಡೆಯುವಾಗ ಅಲ್ಲ. ಇಂಗ್ಲೆಂಡಿನ ಬಂದೂಕು ತಯಾರಕ ಗ್ರೀನರ್ ಹೇಳಿದ ಹಳೆಯ ಲೆಕ್ಕದಲ್ಲಿ ಬಂದೂಕು ತನ್ನ ಚರೆಯ 96 ಪಟ್ಟು ತೂಗಬೇಕು: 28 ಗ್ರಾಂ ಚರೆಗೆ ಹತ್ತಿರಹತ್ತಿರ 2.7 ಕಿಲೋ. ಅದಕ್ಕಿಂತ ಕಡಿಮೆಯಾದರೆ ಪೆಟ್ಟು ಹೆಗಲಿಗೆ.

ಗೌರಿಬಿದನೂರು ಬಳಿಯ ತೋಟದ ಮನೆಯೊಂದರಲ್ಲಿ ಹಳೆಯ ಇಂಗ್ಲಿಷ್ ಬಂದೂಕೊಂದನ್ನು ಹತ್ತಿರದಿಂದ ನೋಡಿದೆ. ಲೈಸೆನ್ಸ್ ಪುಸ್ತಕದ ಮೇಲೆ ಇನ್ನೂ ಕೋಲಾರ ಜಿಲ್ಲೆಯ ಮುದ್ರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು ಆ ಪುಟಕ್ಕೆ ತಲುಪಿರಲಿಲ್ಲ. ಯಜಮಾನರು ನಳಿಗೆಯಡಿಯ ಮುಂದಿನ ಮರ ಬಿಚ್ಚಿ, ನಳಿಗೆ ಕಳಚಿ, ಮಗುಚಿ ಹಿಡಿದರು. ತಳದ ಚಪ್ಪಟೆ ಭಾಗದಲ್ಲಿ ವಜ್ರಾಕಾರದೊಳಗೆ 12, ಅದರ ಕೆಳಗೆ ಸಿ ಅಕ್ಷರ: 1887ರಿಂದ ಬಳಕೆಗೆ ಬಂದ ಇಂಗ್ಲೆಂಡಿನ ಪರೀಕ್ಷಾ ಮುದ್ರೆ. ಕೊಬ್ಬರಿ ಎಣ್ಣೆಯ ಬಟ್ಟೆ ಆಡಿಸಿದಂತೆ ನಳಿಗೆಯ ಮೈಮೇಲೆ ಹೊಗೆಯಂಥ ಸುರುಳಿಗಳು ಎದ್ದವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ‘ಡಮಾಸ್ಕಸ್’ ನಳಿಗೆ. ಹೆಸರು ಒಂದೇ ಆದರೂ ಮೈಸೂರು ಸೀಮೆಯ ಮೂಸೆಯಲ್ಲಿ ಕರಗಿಸುತ್ತಿದ್ದ ಉಕ್ಕಿಗೂ ಇದಕ್ಕೂ ನಂಟಿಲ್ಲ. “ಈಗಿನ್ ತೋಟಾ ಇದಕ್ಕೆ ಹಾಕ್ಬಾರ್ದು ಸ್ವಾಮಿ, ಕರಿಮದ್ದಿನ ಕಾಲದ್ದು ಇದು” ಎಂದರು. ಸರಿಯಾದ ಮಾತೇ. ಹಂದಿಯಿಂದ ಬೆಳೆ ಕಾಯಲು ಅವರು ಬಳಸುವುದು ಇನ್ನೊಂದನ್ನು, ಇಶಾಪುರದ ಸರ್ಕಾರಿ ಕಾರ್ಖಾನೆಯದು.

ಆ ಇನ್ನೊಂದರಲ್ಲೇ ನಮ್ಮ ಕಡೆಯ ಮುಂದಿನ ಕಥೆಯೆಲ್ಲ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಆತ್ಮರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ, ಬೆಳೆ ಕಾಯಲು ಮುಂದಿನಿಂದ ತುಂಬುವ ಬಂದೂಕನ್ನೂ ಹೆಸರಿಸುತ್ತದೆ. ಬೋರಿನ ಗೊಡವೆಗೂ ಹೋಗುವುದಿಲ್ಲ, ಚೌಕಟ್ಟಿನ ಮಾತಂತೂ ದೂರ. 1972ರ ವನ್ಯಜೀವಿ ಕಾಯ್ದೆ ಬಂದು ಷಿಕಾರಿ ನಿಂತ ಮೇಲೆ ಹಕ್ಕಿಗೊಂದು, ಹಂದಿಗೊಂದು ಎಂದು ಅಳತೆ ಬದಲಿಸುವ ಕಾರಣವೇ ಉಳಿಯಲಿಲ್ಲ. ಕೊಡಗಿನಲ್ಲಿ ಲೈಸೆನ್ಸ್ ವಿನಾಯಿತಿಯೂ ಕೈಲ್‌ಪೊಳ್ದು ಹಬ್ಬದ ಪೂಜೆಯೂ ಕೋವಿಯನ್ನು ಮನೆಮಾತಾಗಿ ಉಳಿಸಿವೆ. ಬಯಲುಸೀಮೆಯ ನಮ್ಮಲ್ಲಿ ಅದು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಬೀರು ಸೇರುವ ಸಾಮಾನು.

ಫಲಿತಾಂಶ ಬಂದ ಮೇಲೆ ಆ ಯಜಮಾನರ ಜೊತೆ ಠಾಣೆಗೆ ಹೋಗಿದ್ದೆ. ಚೀಟಿ ಓದಲು ಅವರು ಕನ್ನಡಕ ತಂದಿರಲಿಲ್ಲ. ಸಾಲಿನಿಂದ ಒಂದನ್ನು ಎತ್ತಿ ಇಟ್ಟರು, ಇನ್ನೊಂದನ್ನು ಎತ್ತಿ ಇಟ್ಟರು. ಮೂರನೆಯದನ್ನು ಕೈಯಲ್ಲಿ ಒಮ್ಮೆ ತೂಗಿ, ಹಾಗೇ ಹಿಡಿದುಕೊಂಡು ಸಹಿ ಹಾಕಲು ಮೇಜಿನ ಕಡೆ ಹೊರಟರು.