ಸೆಕೆಂಡ್ ಹ್ಯಾಂಡ್ ವೈಭೋಗ

ಸಕಲೇಶಪುರದ ಹತ್ತಿರ ಸಣ್ಣದೊಂದು ಕಾಫಿ ತೋಟ ಮಾಡಿಕೊಂಡಿರುವ ನನ್ನ ಸೋದರಮಾವ ಎರಡು ವರ್ಷದ ಹಿಂದೆ ಒಂದು ಭಾನುವಾರ ಫೋನು ಮಾಡಿದರು. "ಬೆಂಗಳೂರಲ್ಲಿ ಒಂದು ಗಾಡಿ ನೋಡಿಟ್ಟಿದೀನಿ ಕಣೋ. ಪೇಪರ್‌ಗಳನ್ನ ನೀನೊಂದ್ಸಲ ನೋಡು. ಹಳೇ ದಾಖಲೆ ಓದೋದೇ ನಿನ್ನ ಕೆಲಸ ಅಲ್ವಾ?"

ಗಾಡಿ ಎಂದರೆ ವಿದೇಶಿ ಕಂಪನಿಯೊಂದರ ಐಷಾರಾಮಿ ಎಸ್‌ಯುವಿ. ಹೆಸರು ಬೇಡ. ಹೊಸದರಲ್ಲಿ 80 ಲಕ್ಷ ದಾಟಿದ್ದದ್ದು ಒಂಬತ್ತು ವರ್ಷದಲ್ಲಿ 18 ಲಕ್ಷಕ್ಕೆ ಇಳಿದಿತ್ತು. ಮೂಲ ನೋಂದಣಿ ದೆಹಲಿಯದು, ಡೀಸೆಲ್ ಎಂಜಿನ್ನು. ನನ್ನ ಪಿಎಚ್‌ಡಿ ಮೈಸೂರು ಸಂಸ್ಥಾನದ ಕಂದಾಯ ಕಡತಗಳ ಮೇಲೆ. ಕಾರಿನ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಆದರೂ ಆರ್‌ಸಿ, ವಿಮೆ, ಎನ್‌ಒಸಿ, ಸರ್ವಿಸ್ ಪುಸ್ತಕ ಎಲ್ಲವನ್ನೂ ತಿರುವಿ ಹಾಕಿ, ಸೀಲು ಸಹಿಗಳನ್ನು ನೋಡಿ, "ಎಲ್ಲ ಸರಿ ಇದೆ ಮಾವ" ಎಂದುಬಿಟ್ಟೆ. ಮಾವ ದುಡ್ಡು ಕೊಟ್ಟರು. ಮಗಳ ಓದಿಗೆಂದು ಇಟ್ಟಿದ್ದರಲ್ಲೇ ಅರ್ಧ ಅದಕ್ಕೆ ಹೋಯಿತೆಂದು ಅತ್ತೆ ಹೇಳಿದ್ದು ಆಮೇಲೆ.

ಏಳು ತಿಂಗಳು ಕಳೆದು, ಮುಂಗಾರಿನ ಒಂದು ಬೆಳಗ್ಗೆ ನೋಡಿದರೆ ಗಾಡಿ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಮಗ್ಗುಲಿಗೆ ಕುಸಿದು ಕೂತಿತ್ತು, ಮಂಡಿಯೂರಿದ ಎತ್ತಿನ ಹಾಗೆ. ನಾನು ಇಂಥ ಗಾಡಿಗಳ ಚರಿತ್ರೆ ಓದಲು ಶುರುಮಾಡಿದ್ದು ಆಗ. ತಪ್ಪಿತಸ್ಥ ಭಾವದಿಂದ ಎಂದರೂ ತಪ್ಪಿಲ್ಲ.

ಆ ಚರಿತ್ರೆ ಹೊಲದಲ್ಲಿ ಶುರುವಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್, ವೇಲ್ಸಿನ ಆಂಗಲ್ಸೀ ದ್ವೀಪದ ತನ್ನ ಜಮೀನಿನಲ್ಲಿ ಸೈನ್ಯದವರು ಬಿಟ್ಟುಹೋದ ಹಳೆಯ ಅಮೆರಿಕನ್ ಜೀಪೊಂದನ್ನು ಓಡಿಸುತ್ತಿದ್ದ. ಅಂದರೆ ಲ್ಯಾಂಡ್ ರೋವರ್ ಎಂಬ ಕಲ್ಪನೆಯ ಬೇರಿನಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಇದೆ. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಮೊದಲ ಲ್ಯಾಂಡ್ ರೋವರ್ ಕಾಣಿಸಿಕೊಂಡಿತು. ಉಕ್ಕಿಗೆ ಪಡಿತರವಿದ್ದ ಕಾಲವಾದ್ದರಿಂದ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದ್ದರು. ರೈತನೇ ಬಿಚ್ಚಿ, ರೈತನೇ ಜೋಡಿಸಬಹುದಾದ ಗಾಡಿ ಅದು.

1970ರ ಜೂನ್‌ನಲ್ಲಿ ಅದೇ ಕಂಪನಿ ರೇಂಜ್ ರೋವರ್ ತಂದಿತು. ಅದರ ಹಿಂದಿದ್ದ ಎಂಜಿನಿಯರ್ ಚಾರ್ಲ್ಸ್ ಸ್ಪೆನ್ಸರ್ ಕಿಂಗ್, ಎಲ್ಲರ ಬಾಯಲ್ಲಿ ಸ್ಪೆನ್ ಕಿಂಗ್. ಕಮಾನು ಪಟ್ಟಿಗಳ ಬದಲು ಸುರುಳಿ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ, ಅಮೆರಿಕದ ಬ್ಯೂಕ್ ಕಂಪನಿಯ ವಿನ್ಯಾಸದಿಂದ ಬಂದ ಮೂರೂವರೆ ಲೀಟರಿನ ವಿ8 ಎಂಜಿನ್ನು. ಹೊಲದಲ್ಲೂ ಹೆದ್ದಾರಿಯಲ್ಲೂ ಒಂದೇ ಸಮ ಓಡುವ ಗಾಡಿಯೆಂದು ಹೆಸರಾಯಿತು. ಆದರೆ ಇಂದು ನಾವು ತಿಳಿದಿರುವ ಐಷಾರಾಮ ಅದರಲ್ಲಿ ಇರಲಿಲ್ಲ. ಎರಡೇ ಬಾಗಿಲು, ವಿನೈಲ್ ಸೀಟು. ಕೆಸರಾದರೆ ಒಳಗಿನ ನೆಲಕ್ಕೇ ಪೈಪಿನಲ್ಲಿ ನೀರು ಬಿಟ್ಟು ತೊಳೆಯಬಹುದಿತ್ತು.

ವೈಭೋಗ ಕಂತುಕಂತಾಗಿ ಬಂತು. 1981ರಲ್ಲಿ ನಾಲ್ಕು ಬಾಗಿಲು, ಮರುವರ್ಷ ಆಟೋಮ್ಯಾಟಿಕ್ ಗೇರು, ಆಮೇಲೆ ಚರ್ಮದ ಸೀಟು, ಮರದ ಅಲಂಕಾರ. 1987ರಲ್ಲಿ ಅಮೆರಿಕದ ಮಾರುಕಟ್ಟೆ. 1992ರಲ್ಲಿ ಸ್ಪ್ರಿಂಗುಗಳ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲಗಳು, ಅವಕ್ಕೆ ಗಾಳಿ ಊದುವ ಕಂಪ್ರೆಸರು, ಎತ್ತರ ಅಳೆಯುವ ಸೆನ್ಸರು, ಇವನ್ನೆಲ್ಲ ಆಳುವ ಕಂಪ್ಯೂಟರು. ಬೇರೆ ಕಂಪನಿಗಳೂ ಇದೇ ದಾರಿ ಹಿಡಿದವು. ಮಾವನ ಗಾಡಿಯನ್ನು ಕುಸಿದು ಕೂರಿಸಿದ್ದೂ ಇಂಥದೇ ಒಂದು ಚೀಲ, ರಬ್ಬರು ಬಿರಿದು.

ನನಗೆ ಕಂಡ ಸಂಗತಿ ಇಷ್ಟು. 1948ರ ಗಾಡಿಯನ್ನು ಕೊಳ್ಳುವವನು ಕಣ್ಣಿಂದ, ಕೈಯಿಂದ ಓದಬಹುದಿತ್ತು. ಪಟ್ಟಿ ಮುರಿದಿದ್ದರೆ ಕಾಣುತ್ತಿತ್ತು, ಎಣ್ಣೆ ಸೋರಿದರೆ ನೆಲದ ಮೇಲೆ ಗುರುತಿರುತ್ತಿತ್ತು. ಐಷಾರಾಮ ಹೆಚ್ಚಿದಷ್ಟೂ ಗಾಡಿ ತನ್ನ ಗುಟ್ಟನ್ನು ಒಳಗೆಳೆದುಕೊಂಡಿತು. ಒಳಗೇನಾಗಿದೆಯೆಂದು ಗೊತ್ತಿರುವುದು ಅದನ್ನು ಓಡಿಸಿದವನಿಗೆ ಮಾತ್ರ, ಮತ್ತು ಅವನು ಮಾರಲು ಹೊರಟಿದ್ದಾನೆ.

ಈ ಇಕ್ಕಟ್ಟಿನ ಬಗ್ಗೆ ಪ್ರಸಿದ್ಧ ಪ್ರಬಂಧವೊಂದು ಬಂದದ್ದು ರೇಂಜ್ ರೋವರ್ ಹುಟ್ಟಿದ ವರ್ಷವೇ. 1970ರ ಆಗಸ್ಟ್‌ನಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ತರುಣ ಅರ್ಥಶಾಸ್ತ್ರಜ್ಞ 'ದಿ ಮಾರ್ಕೆಟ್ ಫಾರ್ ಲೆಮನ್ಸ್' ಪ್ರಕಟಿಸಿದರು. ಅಮೆರಿಕದ ಆಡುಮಾತಿನಲ್ಲಿ ಕೈಕೊಡುವ ಕಾರಿಗೆ ನಿಂಬೆಹಣ್ಣು ಎನ್ನುತ್ತಾರೆ. ಅಕರ್ಲಾಫ್ ವಾದ ಸರಳ. ಹಳೆಯ ಕಾರುಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದು. ಅದಕ್ಕೇ ಅವನು ಎಲ್ಲಕ್ಕೂ ಸರಾಸರಿ ಬೆಲೆ ಕೇಳುತ್ತಾನೆ. ಒಳ್ಳೆಯ ಕಾರಿನ ಒಡೆಯನಿಗೆ ಆ ಬೆಲೆ ಗಿಟ್ಟದೆ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಉಳಿದವುಗಳ ಮಟ್ಟ ಇಳಿಯುತ್ತದೆ, ಬೆಲೆ ಮತ್ತೆ ಇಳಿಯುತ್ತದೆ, ಇನ್ನಷ್ಟು ಜನ ಹಿಂದೆ ಸರಿಯುತ್ತಾರೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ನಿಂಬೆಹಣ್ಣುಗಳೇ.

ಮೂರು ಪತ್ರಿಕೆಗಳು ಈ ಪ್ರಬಂಧವನ್ನು ವಾಪಸು ಕಳಿಸಿದ್ದವು. ಮೊದಲ ನಿರಾಕರಣೆಯ ಪತ್ರ ಬಂದಾಗ ಅಕರ್ಲಾಫ್ ಇದ್ದದ್ದು ಭಾರತದಲ್ಲಿ. 1967-68ರ ಶೈಕ್ಷಣಿಕ ವರ್ಷವನ್ನು ಅವರು ಇಲ್ಲಿ ಕಳೆದಿದ್ದರು. ಪ್ರಬಂಧದಲ್ಲಿ ನಮ್ಮ ಸಂತೆಯೂ ಇದೆ. ಅಕ್ಕಿಯ ಬಣ್ಣ, ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುತ್ತಾರೆ, ಭಾರತದ ಗೃಹಿಣಿ ಅದನ್ನು ಆರಿಸಿ ತೆಗೆಯಬೇಕು ಎಂದು ಅವರು ಬರೆಯುತ್ತಾರೆ. ಅದನ್ನು ಓದಿದಾಗ ಮೊರದ ಮುಂದೆ ಕೂತ ನನ್ನಜ್ಜಿ ನೆನಪಾದಳು. ಅಕ್ಕಿಗಾದರೆ ಮೊರವಿದೆ. ಕಾರಿಗೆ? 2001ರಲ್ಲಿ ಅಕರ್ಲಾಫ್ ನೊಬೆಲ್ ಹಂಚಿಕೊಂಡರು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರಿದೆ. ದೆಹಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹತ್ತು ತುಂಬುವ ಮೊದಲೇ ಅಲ್ಲಿಯ ದುಬಾರಿ ಡೀಸೆಲ್ ಗಾಡಿಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೂ ಬಂದವು. ಹೀಗೆ ಊರು ಬಿಟ್ಟ ಗಾಡಿಯ ಬೆಲೆ ಇಳಿಯುತ್ತದೆ, ಅದರ ಹಸಿವು ಇಳಿಯುವುದಿಲ್ಲ. 18 ಲಕ್ಷದ ಗಾಡಿಗೆ ಬೇಕಾದ ಬಿಡಿಭಾಗಗಳ ಬೆಲೆ 80 ಲಕ್ಷದ ಗಾಡಿಯದೇ. ಇಲ್ಲಿ ಮರುನೋಂದಣಿಗೆ ಜೀವಿತಾವಧಿ ತೆರಿಗೆ ಬೇರೆ.

ಸ್ಪೆನ್ ಕಿಂಗ್ ತಾನು ಹುಟ್ಟಿಸಿದ ಗಾಡಿಯ ಸಂತತಿಯನ್ನು ನೋಡಿ ಬೇಸರಗೊಂಡಿದ್ದ. ಇವು ಪಟ್ಟಣದಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಮಾಡಿದ ಗಾಡಿಗಳಲ್ಲ, ಅಂತಸ್ತು ತೋರಿಸಲೂ ಅಲ್ಲ ಎಂದು 2004ರಲ್ಲಿ ಬಹಿರಂಗವಾಗಿಯೇ ಹೇಳಿದ. 2010ರಲ್ಲಿ, 85ರ ವಯಸ್ಸಿನಲ್ಲಿ, ಸೈಕಲ್ ತುಳಿಯುತ್ತಿದ್ದಾಗ ವ್ಯಾನೊಂದಕ್ಕೆ ಡಿಕ್ಕಿಯಾಗಿ ಆದ ಗಾಯಗಳಿಂದ ತೀರಿಕೊಂಡ. ಅಷ್ಟು ಹೊತ್ತಿಗೆ ಅವನ ಕಂಪನಿ ಬಿಎಂಡಬ್ಲ್ಯು, ಫೋರ್ಡ್ ಕೈ ದಾಟಿ, 2008ರಲ್ಲಿ ಜಾಗ್ವಾರ್ ಜೊತೆಗೆ 230 ಕೋಟಿ ಡಾಲರಿಗೆ ಟಾಟಾ ಪಾಲಾಗಿತ್ತು. ಅದೂ ಒಂದು ಬಗೆಯ ಸೆಕೆಂಡ್ ಹ್ಯಾಂಡ್ ವ್ಯಾಪಾರವೇ.

ಕಳೆದ ಯುಗಾದಿಗೆ ಮಾವನ ಮನೆಗೆ ಹೋದಾಗ ಆ ಸರ್ವಿಸ್ ಪುಸ್ತಕವನ್ನು ಮತ್ತೆ ತೆಗೆಸಿದೆ. ಸೀಲುಗಳೆಲ್ಲ ನಿಜವಾದವೇ. ಆದರೆ 62,000 ಕಿಲೋಮೀಟರಿನ ನಮೂದಾದ ಮೇಲೆ ನೇರ 91,000. ನಡುವೆ ಎರಡು ವರ್ಷ ಏನೂ ಇಲ್ಲ. ಕಂದಾಯ ಕಡತದಲ್ಲಿ ಎರಡು ವರ್ಷದ ಲೆಕ್ಕ ಕಾಣದಿದ್ದರೆ ಅಲ್ಲಿ ಬರವಿತ್ತೋ ಗಲಭೆಯಿತ್ತೋ ಎಂದು ಹುಡುಕುವವನು ನಾನು. ಬರೆದದ್ದನ್ನು ಓದಿದರೆ ಸಾಲದು, ಬರೆಯದೆ ಬಿಟ್ಟದ್ದನ್ನೂ ಓದಬೇಕೆಂದು ನನ್ನ ಗೈಡ್ ಮೊದಲ ದಿನವೇ ಹೇಳಿದ್ದರು. ಆ ಪುಟ ತೋರಿಸಿ, "ಇದು ನನ್ನ ಕಣ್ಣಿಗೆ ಬೀಳಬೇಕಿತ್ತು ಮಾವ" ಎಂದೆ.

ಮಾವ ಏನೂ ಅನ್ನದೆ ಒಳಗಿಂದ ಇನ್ನೊಂದು ಪುಸ್ತಕ ತಂದರು. ಕೂಲಿ ಲೆಕ್ಕ ಬರೆಯುವಂಥ ಉದ್ದನೆಯ ನೋಟ್‌ಬುಕ್ಕು. ಗಾಳಿ ಚೀಲ, ಕಂಪ್ರೆಸರು, ಒಂದು ಸೆನ್ಸರು, ಎಂಜಿನ್ನಿನ ಆಯಿಲು, ಎಲ್ಲಕ್ಕೂ ತಾರೀಕು, ಕಿಲೋಮೀಟರು, ರೂಪಾಯಿ. ಮೂರು ಲಕ್ಷ ದಾಟಿತ್ತು. "ಹಾಸನದವರೊಬ್ಬರು ಗಾಡಿ ಕೇಳ್ಕೊಂಡು ಬಂದಿದ್ರು. ಈ ಪುಸ್ತಕ ಕೊಟ್ಟೆ. ಓದಿ, ಕಾಫಿ ಕುಡಿದು ಹೋದೋರು ಫೋನೇ ಮಾಡ್ಲಿಲ್ಲ" ಎಂದರು.

"ತೋರಿಸ್ದೆ ಇದ್ದಿದ್ರೆ?" ಎಂದೆ.

"ತೋರಿಸ್ದೆ ಇದ್ದಿದ್ರೆ ಆ ಮನುಷ್ಯ ಕೊಟ್ಟಿಗೆ ಪಕ್ಕ ನಿಂತ್ಕೊಂಡು ನನ್ನ ಥರಾನೇ ಬಾಯಿ ಬಾಯಿ ಬಿಡ್ತಿದ್ದ, ಅಷ್ಟೇ."

ಗಾಡಿ ಇನ್ನೂ ಅವರಲ್ಲೇ ಇದೆ. ಅದರ ಖರ್ಚು ತೂಗಿಸಲು ಅತ್ತೆ ಈ ಸಲ ಮೆಣಸನ್ನು ಬೇಗ ಮಾರಿಸಿದರಂತೆ. ಹೋದ ವಾರ ಬ್ರೇಕ್ ಪ್ಯಾಡ್ ಬದಲಾಯಿಸಿ ಅದನ್ನೂ ಬರೆದಿಟ್ಟಿದ್ದಾರೆ.