ಫಿರ್ಯಾದಿ, ಸಂತ್ರಸ್ತ, ಪಿ.ಡಬ್ಲ್ಯು. ಒಂದು

ದುಬಲಗುಂಡಿಯಿಂದ ನಮ್ಮ ಕಾಕಾ ಫೋನ್ ಮಾಡಿದಾಗ ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಊರಿನ ಮಳೆ, ತೊಗರಿ ರೇಟು ಎಲ್ಲಾ ಆದ ಮೇಲೆ, ‘ಅಂದಂಗ ಕೇಸ್ ಖುಲಾಸೆ ಆತು ನೋಡಪಾ’ ಅಂದರು. ದನಿಯಲ್ಲಿ ಸಮಾಧಾನ ಇತ್ತು. ನನಗೆ ಅರ್ಥವಾಗಲಿಲ್ಲ. ಹೊಲದ ಬದುವಿನ ಜಗಳದಲ್ಲಿ ಕೈ ಮುರಿಸಿಕೊಂಡವರು ಇವರು. ನಾಲ್ಕು ವರ್ಷ ಪೇಶಿ ಪೇಶಿಗೆ ಅಲೆದವರು ಇವರು. ಖುಲಾಸೆ ಆದರೆ ಇವರಿಗೇಕೆ ಸಮಾಧಾನ?

‘ಅವರಿಗೆ ಶಿಕ್ಷೆ ಆಯ್ತಾ?’ ಅಂತ ಕೇಳಿದೆ. ‘ಅದು ಮುಂದಿನ ತಾರೀಖಿಗೆ ಇರಬೇಕು. ಈಗ ಬರೀ ಖುಲಾಸೆ ಆಗ್ಯಾದ.’

ಆಗ ಹೊಳೆಯಿತು. ನಮ್ಮ ಕಡೆ ಮನೆಮಾತಿನಲ್ಲಿ, ಮರಾಠಿ ಬೆರೆತ ಗಡಿಯ ಮಾತಿನಲ್ಲಿ, ಖುಲಾಸೆ ಎಂದರೆ ವಿವರಣೆ, ವಿಷಯ ಬಿಡಿಸಿ ಸ್ಪಷ್ಟ ಮಾಡುವುದು. ‘ಸ್ವಲ್ಪ ಖುಲಾಸೆ ಮಾಡಿ ಹೇಳು’ ಅನ್ನುತ್ತೇವೆ. ಉರ್ದುವಿನಲ್ಲಿ ಅದು ಸಾರಾಂಶ. ಆದರೆ ಕನ್ನಡ ಕೋರ್ಟಿನ ಭಾಷೆಯಲ್ಲಿ, ಕನ್ನಡ ಪೇಪರುಗಳಲ್ಲಿ, ಖುಲಾಸೆ ಎಂದರೆ ಆರೋಪಿ ಬಿಡುಗಡೆ, ಅಂದರೆ ದೋಷಮುಕ್ತಿ. ಕಾಕಾ ಕೋರ್ಟಿನ ಹೊರಗೆ ಯಾರೋ ಹೇಳಿದ ಆ ಒಂದು ಪದವನ್ನು ಮನೆಯ ಅರ್ಥದಲ್ಲಿ ಕೇಳಿಸಿಕೊಂಡು, ಸತ್ಯ ಬಯಲಾಯಿತು ಅಂದುಕೊಂಡು, ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಿದ್ದರು. ತೀರ್ಪು ಬಂದು ಅಷ್ಟರಲ್ಲಿ ಎರಡು ತಿಂಗಳಾಗಿತ್ತು. ಎರಡು ತಿಂಗಳು ಅವರು ಮುಂದಿನ ತಾರೀಖಿಗೆ ಕಾಯುತ್ತಾ ಕೂತಿದ್ದರು.

ನಾನು ವಕೀಲನಲ್ಲ, ಸಾಫ್ಟ್‌ವೇರಿನವನು. ಆದರೆ ಆ ಫೋನ್ ಕರೆ ಆದಮೇಲೆ ಈ ಪದಗಳ ಹಿಂದೆ ಬಿದ್ದೆ. ಒಂದು ಪದ ತಿಳಿಯದೇ ಒಬ್ಬ ಮನುಷ್ಯ ತನ್ನ ಸೋಲನ್ನು ಗೆಲುವು ಅಂದುಕೊಳ್ಳುವುದು ಹೇಗೆ ಸಾಧ್ಯ ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಊರಿನ ಬಗ್ಗೆ ಸ್ವಲ್ಪ. ದುಬಲಗುಂಡಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಊರು, ಪಕ್ಕದ ತಾಲ್ಲೂಕು ಬಸವಕಲ್ಯಾಣ. 1956ರ ನವೆಂಬರ್ 1ರವರೆಗೆ ಇದು ಹೈದರಾಬಾದ್ ರಾಜ್ಯ. ನಿಜಾಮರ ಆಡಳಿತದಲ್ಲಿ 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂತು. ಹೀಗಾಗಿ ನಮ್ಮ ಮುತ್ತಜ್ಜನಿಗೆ ಯಾರಾದರೂ ಹೊಡೆದರೆ, ಮನೆಯಲ್ಲಿ ಕನ್ನಡದಲ್ಲಿ ಅತ್ತು, ಸಂತೆಯಲ್ಲಿ ಮರಾಠಿ ಬೆರೆಸಿ ಹೇಳಿಕೊಂಡು, ಕಚೇರಿಯಲ್ಲಿ ಉರ್ದುವಿನಲ್ಲಿ ಬರೆಸಬೇಕಿತ್ತು. ಬರೆಯುವವನು ಬೇರೆ, ನೋವು ತಿಂದವನು ಬೇರೆ. ಊರು ಜಾಗೀರಿನಲ್ಲಿದ್ದರೆ ಇನ್ನೂ ಕಷ್ಟ. ಕಲ್ಯಾಣಿಯ ನವಾಬರಂಥ ಜಾಗೀರುದಾರರು ಇದ್ದ ಸೀಮೆ ಇದು, ಜಾಗೀರುಗಳು ರದ್ದಾಗಿದ್ದು 1949ರಲ್ಲಿ. ಇಂಡಿಯನ್ ಪೀನಲ್ ಕೋಡ್ ಉಳಿದ ಬ್ರಿಟಿಷ್ ಇಂಡಿಯಾಕ್ಕೆ 1860ರ ಕಾನೂನು. ನಮಗೆ ಅದು ಬಂದಿದ್ದು 1951ರ ಏಪ್ರಿಲ್ 1ಕ್ಕೆ! ಅದಕ್ಕೂ ಮುಂಚೆ ನಿಜಾಮರದೇ ದಂಡಸಂಹಿತೆ ಇತ್ತು.

ರಾಜ್ಯ ಹೋದರೂ ಪದಗಳು ಉಳಿದವು. ನಿಜ ಹೇಳಬೇಕೆಂದರೆ ಹಳೇ ಮೈಸೂರಿನ ಕೋರ್ಟುಗಳಲ್ಲೂ ಇವೇ ಪದಗಳು. ಒಂದೊಂದರಲ್ಲೂ ಒಂದು ಕತೆ ಇದೆ.

ಫಿರ್ಯಾದಿ. ಪೊಲೀಸರು ಪಿರ್ಯಾದಿ ಅಂತಲೂ ಬರೆಯುತ್ತಾರೆ. ಫಾರ್ಸಿಯಲ್ಲಿ ಫರ್ಯಾದ್ ಎಂದರೆ ಕೂಗು, ಸಹಾಯಕ್ಕಾಗಿ ಇಡುವ ಮೊರೆ. ಅಂದರೆ ಫಿರ್ಯಾದಿ ಎಂದರೆ ಕೂಗಿದವನು. ‘ಕಂಪ್ಲೇಂಟರ್’ ಅನ್ನುವ ನಮ್ಮ ಆಫೀಸಿನ ಪದಕ್ಕಿಂತ ಎಷ್ಟು ಜೀವ ಇದೆ ನೋಡಿ. ಆದರೆ ಒಂದು ವಿಷಯ ಗಮನಿಸಿ: ಕೂಗಿದವನೂ ಪೆಟ್ಟು ತಿಂದವನೂ ಒಬ್ಬನೇ ಆಗಬೇಕೆಂದಿಲ್ಲ. ದಾರಿಯಲ್ಲಿ ಹೋಗುವವರು ನೋಡಿ ದೂರು ಕೊಟ್ಟರೆ ಫಿರ್ಯಾದಿ ಅವರು, ನೊಂದವರು ಬೇರೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ದಸ್ತಗಿರಿ. ನಮ್ಮ ಕಡೆ ದಸ್ತಗೀರ್ ಅನ್ನುವ ಹೆಸರಿನವರು ಬೇಕಾದಷ್ಟು ಜನ. ಕೈ ಹಿಡಿದು ಕಾಪಾಡುವವನು ಅಂತ ಅರ್ಥ, ಬಗ್ದಾದಿನ ಸೂಫಿ ಸಂತ ಅಬ್ದುಲ್ ಖಾದಿರ್ ಜಿಲಾನಿಯವರ ಬಿರುದು. ಅದೇ ಕೈ ಹಿಡಿಯುವುದು ಪೊಲೀಸ್ ಸ್ಟೇಷನ್ನಿನಲ್ಲಿ ಬಂಧನವಾಯಿತು. ಯಾರು ಹಿಡಿಯುತ್ತಾರೆ ಅನ್ನುವುದರ ಮೇಲೆ ಇದೆ ಎಲ್ಲಾ.

ಜಾಮೀನು ಪದದಲ್ಲಿ ಮಾತ್ರ ತಮಾಷೆ ಇಲ್ಲ. ಮೂಲದಲ್ಲಿ ಜಾಮಿನ್ ಎಂದರೆ ಹೊಣೆ ನಿಂತ ಮನುಷ್ಯ. ಈಗ ಅದು ಕಾಗದ. ಆರೋಪಿಗೆ ಜಾಮೀನು ಸಿಕ್ಕ ದಿನ ಊರಿನಲ್ಲಿ ‘ಕೇಸ್ ಮುಗೀತು’ ಅಂತ ಸುದ್ದಿಯಾಗುತ್ತದೆ, ಪಟಾಕಿಯೂ ಹೊಡೆಯುತ್ತಾರೆ. ಪೆಟ್ಟು ತಿಂದವರು ಎದೆಗುಂದಿ ರಾಜಿಗೆ ಒಪ್ಪುವುದು ಬಹಳ ಸಲ ಅವತ್ತೇ. ಜಾಮೀನಿಗೂ ಅಪರಾಧ ಸಾಬೀತಾಗುವುದಕ್ಕೂ ಸಂಬಂಧವಿಲ್ಲ. ವಿಚಾರಣೆಗೆ ಹಾಜರಾಗುತ್ತೇನೆ ಅನ್ನುವ ಭರವಸೆ ಅಷ್ಟೇ. ಷರತ್ತು ಮುರಿದರೆ, ಸಾಕ್ಷಿಗಳನ್ನು ಹೆದರಿಸಿದರೆ, ಅದನ್ನು ರದ್ದು ಮಾಡಿ ಅಂತ ಕೇಳುವ ದಾರಿಯೂ ಇದೆ.

ಪಂಚನಾಮೆ ನನಗೆ ಇಷ್ಟವಾದ ಪದ. ಸಂಸ್ಕೃತದ ಪಂಚ, ಫಾರ್ಸಿಯ ನಾಮೆ. ಘಟನೆ ನಡೆದ ಜಾಗಕ್ಕೆ ಬಂದು ನೋಡಿ ಸಹಿ ಹಾಕುವ ಊರಿನ ಜನರೇ ಪಂಚರು. ಕಾಕಾನ ಕೇಸಿನಲ್ಲಿ ಪಂಚರಿಬ್ಬರೂ ಕೋರ್ಟಿನಲ್ಲಿ ‘ನಮಗೇನೂ ಗೊತ್ತಿಲ್ಲ, ಸಹಿ ಮಾತ್ರ ನಮ್ಮದು’ ಅಂದರು. ಇದಕ್ಕೆ ಪ್ರತಿಕೂಲ ಸಾಕ್ಷಿ ಅನ್ನುತ್ತಾರೆ. ಅವರ ಮೇಲೆ ಕಾಕಾಗೆ ಸಿಟ್ಟಿಲ್ಲ. ‘ಅವರೂ ಅದೇ ಊರಾಗ ಬದುಕಬೇಕಲ್ಲ’ ಅಂತಾರೆ.

ಇಷ್ಟೆಲ್ಲಾ ಪದ ಹುಡುಕಿದೆ. ಒಂದು ಪದ ಮಾತ್ರ ಹಳೆಯ ಪಟ್ಟಿಯಲ್ಲಿ ಸಿಗಲಿಲ್ಲ: ನೊಂದವನಿಗೆ ಏನನ್ನಬೇಕು? ಈಗ ನಾವು ಸಂತ್ರಸ್ತ ಅನ್ನುತ್ತೇವೆ. ನೆರೆ ಬಂದರೂ ಸಂತ್ರಸ್ತ, ಅಣೆಕಟ್ಟು ಕಟ್ಟಿದರೂ ಸಂತ್ರಸ್ತ, ಅತ್ಯಾಚಾರವಾದರೂ ಸಂತ್ರಸ್ತೆ. ಎಫ್‌ಐಆರ್‌ಗೆ ಪ್ರಥಮ ವರ್ತಮಾನ ವರದಿ, ಚಾರ್ಜ್‌ಶೀಟ್‌ಗೆ ದೋಷಾರೋಪಣ ಪಟ್ಟಿ, ಹೀಗೆ ಎಲ್ಲಕ್ಕೂ ಹೆಸರಿದೆ. ಆದರೆ ಪೆಟ್ಟು ತಿಂದವನ ಹೆಸರು ಆ ಕಡತದಲ್ಲಿ ಬರುವುದು ‘ಪಿ.ಡಬ್ಲ್ಯು. 1’ ಅಂತ. ಪ್ರಾಸಿಕ್ಯೂಷನ್ ಸಾಕ್ಷಿ ಒಂದು. ಕಾರಣ ಸರಳ. ಬ್ರಿಟಿಷರು ತಂದ ಪದ್ಧತಿಯಲ್ಲಿ ಅಪರಾಧ ನಡೆಯುವುದು ಸರ್ಕಾರದ ವಿರುದ್ಧ. ಮುರಿದದ್ದು ಕಾಕಾನ ಕೈ, ಆದರೆ ಕೇಸಿನ ಹೆಸರು ‘ಕರ್ನಾಟಕ ರಾಜ್ಯ ವಿರುದ್ಧ ಇಂಥವರು’. ಅವರ ಕೇಸಿನಲ್ಲಿ ಅವರೇ ಅತಿಥಿ.

ಇದು ಯಾವಾಗಲೂ ಹೀಗೇ ಇತ್ತಾ? ಉತ್ತರ ಹುಡುಕಿ ದೂರ ಹೋಗಬೇಕಿಲ್ಲ, ಕಲ್ಯಾಣಕ್ಕೆ ಹೋದರೆ ಸಾಕು. ಕಲ್ಯಾಣ ಎಂದರೆ ನಮಗೆ ಬಸವಣ್ಣ. ಅದಕ್ಕೂ ಸ್ವಲ್ಪ ಮುಂಚೆ, 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಇಲ್ಲಿ ಕೂತು ಮಿತಾಕ್ಷರ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಅದು ವ್ಯಾಖ್ಯಾನ. ಮಿತಾಕ್ಷರ ಅಂದರೆ ಆಸ್ತಿ ಪಾಲಿನ ಪುಸ್ತಕ ಅಂತಲೇ ನಾವು ತಿಳಿದಿದ್ದೇವೆ, ಯಾಕೆಂದರೆ ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದಿದ್ದು ಆ ಭಾಗವನ್ನು, ಬ್ರಿಟಿಷ್ ಕೋರ್ಟುಗಳಿಗೆ ಬೇಕಾಗಿದ್ದೂ ಅದೇ. ಆದರೆ ಅದರ ವ್ಯವಹಾರ ಅಧ್ಯಾಯದಲ್ಲಿ ಕೋರ್ಟು ನಡೆಯುವ ಬಗೆಯೆಲ್ಲಾ ಇದೆ. ಅಲ್ಲಿ ವ್ಯಾಜ್ಯ ಹುಟ್ಟುವುದೇ ನೊಂದವನಿಂದ: ಧರ್ಮಕ್ಕೂ ನಡವಳಿಕೆಗೂ ವಿರುದ್ಧವಾಗಿ ಇನ್ನೊಬ್ಬರ ಕೈಯಲ್ಲಿ ಪೀಡನೆಗೊಳಗಾದವನು ಬಂದು ರಾಜನಿಗೆ ತಿಳಿಸಿದರೆ ಅದು ವ್ಯವಹಾರ. ತಾನಾಗಿ ಬರಬೇಕು, ರಾಜ ಎಬ್ಬಿಸಿ ಕರೆತಂದದ್ದಾಗಬಾರದು.

ಇನ್ನೂ ಬೆರಗಾಗಿಸಿದ್ದು ಕಳ್ಳತನದ ಮಾತು. ಕಳ್ಳರು ಒಯ್ದದ್ದನ್ನು ರಾಜ ಹಿಡಿದು ತಂದು ಪ್ರಜೆಗೆ ಕೊಡಬೇಕು. ಹಿಡಿಯಲಾಗದಿದ್ದರೆ? ತನ್ನ ಬೊಕ್ಕಸದಿಂದ ಕೊಡಬೇಕು. ಕಾಪಾಡುತ್ತೇನೆ ಅಂತ ತೆರಿಗೆ ತೆಗೆದುಕೊಂಡವನು ಕಾಪಾಡಲಿಲ್ಲ, ಹಾಗಾಗಿ ನಷ್ಟ ಅವನದು ಅನ್ನುವ ಲೆಕ್ಕ. ಕಲ್ಯಾಣದಲ್ಲಿ ಇದು ನಿಜಕ್ಕೂ ಹಾಗೇ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಇದೇ ಪುಸ್ತಕದಲ್ಲಿ ಹೊಡೆದವನ ಜಾತಿ, ಹೊಡೆಸಿಕೊಂಡವನ ಜಾತಿ ನೋಡಿ ದಂಡ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ‘ನಮ್ಮಲ್ಲಿ ಎಲ್ಲಾ ಇತ್ತು’ ಅನ್ನುವ ವಾಟ್ಸ್ಯಾಪ್ ಫಾರ್ವರ್ಡ್ ಮಾಡಲು ಹೊರಡಬೇಡಿ. ನನಗೆ ಬೇಕಾಗಿರುವುದು ಒಂದೇ ಎಳೆ, ನೊಂದವನಿಗೆ ಸರ್ಕಾರ ಬಾಕಿದಾರ ಅನ್ನುವ ಯೋಚನೆ. ಅದನ್ನು ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಒಬ್ಬ ಬರೆದಿಟ್ಟಿದ್ದ.

ಆ ಬಾಕಿ ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ 1948 ನೋಡಬೇಕು. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಊರವರು ಇವತ್ತಿಗೂ ಮರೆತಿಲ್ಲ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಅಂತ ಅಂದಾಜಿಸಿತು. ಆ ವರದಿ ಜನರ ಕಣ್ಣಿಗೆ ಬಿದ್ದದ್ದು 2013ರಲ್ಲಿ. ನಮ್ಮ ಮನೆಗಳಲ್ಲಿ ಒಂದೊಂದು ಓಣಿಯವರು ಒಂದೊಂದು ಅರ್ಧವನ್ನು ಹೇಳುತ್ತಾರೆ. ಅಜ್ಜಿ ಎರಡನ್ನೂ ಹೇಳುತ್ತಿದ್ದಳು, ಆದರೆ ಕತ್ತಲಾದ ಮೇಲೆ, ದನಿ ತಗ್ಗಿಸಿ. ಅವಳ ಬಳಿ ಅದಕ್ಕೆ ಕಾನೂನಿನ ಪದ ಇರಲಿಲ್ಲ. ‘ಆ ಗಲಾಟೆ’ ಅನ್ನುತ್ತಿದ್ದಳು.

ಪದ ಬಂದದ್ದು ತೀರಾ ತಡವಾಗಿ. 1985ರಲ್ಲಿ ವಿಶ್ವಸಂಸ್ಥೆ ಅಪರಾಧದಿಂದ ನೊಂದವರ ಹಕ್ಕುಗಳ ಬಗ್ಗೆ ಘೋಷಣೆ ಹೊರಡಿಸಿತು. ನಮ್ಮಲ್ಲಿ 2003ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಕನ್ನಡಿಗರೇ, ನ್ಯಾಯಮೂರ್ತಿ ವಿ.ಎಸ್. ಮಳೀಮಠ. ಆರೋಪಿಗಳ ಹಕ್ಕುಗಳ ವಿಷಯದಲ್ಲಿ ಆ ವರದಿಗೆ ಬಂದ ಟೀಕೆ ಸಣ್ಣದಲ್ಲ, ಅದರಲ್ಲಿ ಬಹಳಷ್ಟು ಸರಿಯೂ ಹೌದು. ಆದರೆ ನೊಂದವನೂ ಕೋರ್ಟಿನಲ್ಲಿ ಬಾಯಿ ತೆರೆಯಬೇಕು ಅಂತ ಅದು ಹೇಳಿತು. 2008ರಲ್ಲಿ ತಿದ್ದುಪಡಿಯಾಗಿ, 2009ರ ಡಿಸೆಂಬರ್ 31ರಂದು ಜಾರಿಗೆ ಬಂದು, ಭಾರತದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮೊದಲ ಸಲ ‘ವಿಕ್ಟಿಮ್’ ಪದಕ್ಕೆ ಅರ್ಥ ಬರೆದರು. ಅಪರಾಧದಿಂದ ನಷ್ಟ ಅಥವಾ ಗಾಯ ಅನುಭವಿಸಿದವರು, ಅವರ ಪೋಷಕರು, ಕಾನೂನುಬದ್ಧ ವಾರಸುದಾರರು. ಫಿರ್ಯಾದಿ ಬೇರೆ, ಸಂತ್ರಸ್ತ ಬೇರೆ ಅಂತ ಮೊದಲೇ ಹೇಳಿದ್ದು ಇದಕ್ಕೇ. ಖುಲಾಸೆಯ ವಿರುದ್ಧ ಮೇಲ್ಮನವಿಯ ಹಕ್ಕು ಈಗ ಸಂತ್ರಸ್ತನದು. ಸರ್ಕಾರದಿಂದ ಪರಿಹಾರವೂ ಕಾನೂನಿಗೆ ಬಂತು. ಆರೋಪಿ ಖುಲಾಸೆಯಾಗಿರಲಿ, ಪತ್ತೆಯೇ ಆಗದಿರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಕರ್ನಾಟಕದ ಯೋಜನೆ 2011ರದು. ವಿಜ್ಞಾನೇಶ್ವರನ ಬೊಕ್ಕಸದ ಬಾಗಿಲು ಇಷ್ಟು ಕಾಲದ ಮೇಲೆ ಸ್ವಲ್ಪ ತೆರೆಯಿತು ಅನ್ನಿ.

ಆ ಮೇಲ್ಮನವಿಯ ಹಕ್ಕಿಗೆ ಗಟ್ಟಿ ರೂಪ ಕೊಟ್ಟದ್ದೂ ನಮ್ಮ ಉತ್ತರ ಕರ್ನಾಟಕದ ಪ್ರಕರಣ. ಬಾಗಲಕೋಟೆ ಕಡೆಯ ಒಬ್ಬರ ಮೇಲೆ 2009ರ ಫೆಬ್ರವರಿಯ ಒಂದು ರಾತ್ರಿ ಹಲ್ಲೆಯಾಯಿತು. 2013ರಲ್ಲಿ ಆರೋಪಿಗಳು ಖುಲಾಸೆ. ಅವರು ಹೈಕೋರ್ಟಿಗೆ ಹೋದರು. ಹಲ್ಲೆ ನಡೆದಾಗ ಹೊಸ ಹಕ್ಕು ಜಾರಿಯಲ್ಲಿರಲಿಲ್ಲ, ಹಾಗಾಗಿ ಅಪೀಲು ನಡೆಯದು ಅನ್ನುವ ಉತ್ತರ ಬಂತು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 12ರಂದು, ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಬಹುಮತದಿಂದ, ಲೆಕ್ಕಕ್ಕೆ ಬರುವುದು ತೀರ್ಪಿನ ದಿನ, ಅಪರಾಧದ ದಿನವಲ್ಲ ಎಂದಿತು. ಇಂಥ ಅಪೀಲಿಗೆ ಮುಂಚಿತವಾಗಿ ಕೋರ್ಟಿನ ಅನುಮತಿಯೂ ಬೇಡ ಎಂದಿತು. ಆ ತೀರ್ಪಿನ ಶೀರ್ಷಿಕೆಯಲ್ಲಿ ಅರ್ಜಿದಾರರ ಹೆಸರಿನ ಮುಂದೆ ಕಂಸದೊಳಗೆ ‘ಮೃತ’ ಎಂದಿದೆ. ಅವರು ಗೆದ್ದದ್ದನ್ನು ಅವರ ವಾರಸುದಾರರು ಕೇಳಿಸಿಕೊಂಡರು.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಈ ಹಕ್ಕುಗಳು ಅದರಲ್ಲೂ ಉಳಿದಿವೆ. ಎಫ್‌ಐಆರ್ ಪ್ರತಿ ಸಂತ್ರಸ್ತರಿಗೂ ಉಚಿತ, ಯಾವ ಠಾಣೆಯಲ್ಲಾದರೂ ಕೊಡಬಹುದಾದ ಝೀರೋ ಎಫ್‌ಐಆರ್, ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು 90 ದಿನಗಳೊಳಗೆ ತಿಳಿಸಬೇಕು. ‘ಬಿ ರಿಪೋರ್ಟ್’ ಹಾಕಿದರು ಅಂತ ಯಾರಾದರೂ ಹೇಳಿದರೆ ಕೇಸು ಮುಗಿದ ಹಾಗಲ್ಲ. ಪೊಲೀಸರು ಮುಚ್ಚಿ ಅಂತ ಕೇಳಿದ್ದಾರೆ ಅಷ್ಟೇ, ಅದನ್ನು ಒಪ್ಪುವ ಮುಂಚೆ ಮ್ಯಾಜಿಸ್ಟ್ರೇಟರು ಫಿರ್ಯಾದಿಗೆ ನೋಟಿಸ್ ಕೊಡಬೇಕು, ಅವರು ತಕರಾರು ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಇದನ್ನು ಊರಿಗೆ ಫೋನ್ ಮಾಡಿದಾಗ ಹೇಳಿ, ನಿಮಗೆ ಬೇಡದಿದ್ದರೂ ಅಲ್ಲಿ ಯಾರಿಗೋ ಬೇಕಿರುತ್ತದೆ.

ಕಾಕಾಗೆ ನಾನು ಖುಲಾಸೆಯ ಖುಲಾಸೆ ಮಾಡಿದ ರಾತ್ರಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾದ್ರ ನಾ ಸೋತೆ ಅಂದಂಗ’ ಅಂದರು. ಮರುದಿನ ನಾನು ಹೈದರಾಬಾದ್ ದಾರಿಯ ಬಸ್ಸು ಹಿಡಿದು ಹುಮನಾಬಾದಿನಲ್ಲಿ ಇಳಿದೆ. ತೀರ್ಪಿನ ಪ್ರತಿ ತೆಗೆಸಿದೆವು. ಕೈ ಮುರಿದ ಎಕ್ಸ್‌ರೇ ಕಡತದಲ್ಲಿ ಇತ್ತು, ಅದನ್ನು ನೋಡಿದ ಡಾಕ್ಟರರ ಸಾಕ್ಷ್ಯವನ್ನು ಯಾರೂ ಹೇಳಿಸಿರಲಿಲ್ಲ. ವಿಳಂಬ ಮನ್ನಿಸಿ ಅಂತ ಒಂದು ಅರ್ಜಿ, ಜೊತೆಗೆ ಅಪೀಲು, ಸೆಷನ್ಸ್ ನ್ಯಾಯಾಲಯಕ್ಕೆ. ವಿಳಂಬಕ್ಕೆ ಕಾರಣ ಏನಂತ ಬರೆಯೋಣ ಅಂತ ವಕೀಲರು ಕೇಳಿದರು. ಕಾಕಾ ನನ್ನ ಮುಖ ನೋಡಿದರು. ‘ಭಾಷಾ ತಿಳೀಲಿಲ್ಲಂತ ಬರೀರಿ’ ಅಂದರು.

ವಕೀಲರು ‘ಅನಾರೋಗ್ಯ’ ಅಂತ ಬರೆಯಲು ಹೊರಟಿದ್ದರು. ಪೆನ್ನು ತಡೆದು, ಕಾಕಾ ಹೇಳಿದ್ದನ್ನೇ ಬರೆದರು. ಮುಂದಿನ ಪೇಶಿ ಶ್ರಾವಣ ಕಳೆದ ಮೇಲೆ ಇದೆ.