ಕಾನೂನು ಪದವಿ: ಮೂರು ವರ್ಷದ್ದು, ಐದು ವರ್ಷದ್ದು

ಭಾರತದಲ್ಲಿ ವಕೀಲರಾಗಲು ಇರುವ ಎರಡು ವ್ಯಾಸಂಗಕ್ರಮಗಳು. ಯಾವುದಾದರೂ ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌.ಬಿ.; ಪಿಯುಸಿ ಆದವರಿಗೆ ಬಿ.ಎ., ಬಿ.ಕಾಂ. ಮೊದಲಾದವುಗಳೊಡನೆ ಬೆಸೆದ ಐದು ವರ್ಷದ ಪದವಿ. ಎರಡನೆಯದಕ್ಕೆ ಮೇಲ್ಪಂಕ್ತಿ ಹಾಕಿದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. 2022ರಲ್ಲಿ ಅದೇ ಸಂಸ್ಥೆ ಮೂರು ವರ್ಷದ ವ್ಯಾಸಂಗವನ್ನೂ ತೆರೆಯಿತು. ಬೆಸೆದ ಪದವಿಯಲ್ಲಿ ಒಂದು ವರ್ಷ ಉಳಿಯುತ್ತದೆ, ನಿಜ. ಆದರೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ, ನಡುವೆ ಬಿಟ್ಟವರಿಗೆ ಬರಿಯ ಬಿ.ಎ. ಕೈಗೆ ಸಿಗದು. ಹದಿನೇಳರ ಹರೆಯದಲ್ಲಿ ಮನಸ್ಸು ಇನ್ನೂ ಗಟ್ಟಿಯಾಗದವರು ಇದನ್ನು ಮರೆಯಬಾರದು. ಅಂಥವರಿಗೆ ಮೊದಲೊಂದು ಪದವಿ, ಆಮೇಲೆ ಕಾನೂನು ಎಂಬ ದಾರಿಯೇ ಕ್ಷೇಮ. ಎಂಜಿನಿಯರಿಂಗ್ ಓದಿದವರಿಗೆ ಪೇಟೆಂಟ್, ವಾಣಿಜ್ಯ ಓದಿದವರಿಗೆ ತೆರಿಗೆ ವ್ಯಾಜ್ಯಗಳಲ್ಲಿ ಹಿಂದಿನ ಓದು ಒದಗಿಬರುತ್ತದೆ. 1961ರ ವಕೀಲರ ಅಧಿನಿಯಮದಡಿ ಸನ್ನದು ಪಡೆಯಲು ಎರಡೂ ಸಮಾನ.